ಮಿಡ್ಲ್ ಸ್ಕೂಲ್ ವಯಸ್ಸಿಗೆ ತರ್ಕ: ಹೋಮ್‌ಸ್ಕೂಲ್ ಮನೆಗೆ ಪಠ್ಯದ ಆಯ್ಕೆ

ಅಮೆರಿಕದಲ್ಲಿ ಆರರಿಂದ ಎಂಟನೆಯ ತರಗತಿಯವರೆಗಿನ ಹಂತಕ್ಕೆ ಮಿಡ್ಲ್ ಸ್ಕೂಲ್ ಎಂದು ಹೆಸರು. ಮಕ್ಕಳ ವಯಸ್ಸು ಸುಮಾರು 11ರಿಂದ 14. ಅಲ್ಲಿನ ಸಾಮಾನ್ಯ ಶಾಲೆಗಳಲ್ಲಿ ಈ ಹಂತಕ್ಕೆ ತರ್ಕಶಾಸ್ತ್ರವನ್ನು ಪ್ರತ್ಯೇಕ ವಿಷಯವಾಗಿ ಕಲಿಸುವುದು ಅಪರೂಪ. ಹೋಮ್‌ಸ್ಕೂಲಿಂಗ್ ಮಾಡುವ, ಅಂದರೆ ಮಕ್ಕಳಿಗೆ ಮನೆಯಲ್ಲೇ ಕಲಿಸುವ, ಅನೇಕ ಕುಟುಂಬಗಳಲ್ಲಿ ಮಾತ್ರ ಅದಕ್ಕೆ ಗಣಿತ, ವ್ಯಾಕರಣಗಳ ಸಾಲಿನಲ್ಲೇ ಜಾಗವಿದೆ. ಇದರ ಮೂಲ ಒಂದು ಭಾಷಣ. ಪತ್ತೇದಾರಿ ಕಾದಂಬರಿಗಳಿಂದ ಹೆಸರಾದ ಡೊರೊಥಿ ಸೇಯರ್ಸ್ 1947ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ‘ದ ಲಾಸ್ಟ್ ಟೂಲ್ಸ್ ಆಫ್ ಲರ್ನಿಂಗ್’ ಎಂಬ ಉಪನ್ಯಾಸ ಕೊಟ್ಟರು. ಮಧ್ಯಯುಗದ ಯೂರೋಪಿನ ವ್ಯಾಕರಣ, ತರ್ಕ, ವಾಕ್ಕಲೆ ಎಂಬ ಮೂರು ವಿದ್ಯೆಗಳನ್ನು ಅವರು ಮಗುವಿನ ಬೆಳವಣಿಗೆಯ ಮೂರು ಹಂತಗಳಿಗೆ ಹೊಂದಿಸಿದರು: ಬಾಯಿಪಾಠ ಇಷ್ಟಪಡುವ ವಯಸ್ಸಿಗೆ ವ್ಯಾಕರಣ, ಎದುರು ಮಾತಾಡುವ ವಯಸ್ಸಿಗೆ ತರ್ಕ, ಕನಸು ಕಾಣುವ ವಯಸ್ಸಿಗೆ ವಾಕ್ಕಲೆ. ಐಡಹೊ ರಾಜ್ಯದ ಡಗ್ಲಸ್ ವಿಲ್ಸನ್ 1991ರಲ್ಲಿ ಈ ವಿಚಾರದ ಮೇಲೆ ಪುಸ್ತಕ ಬರೆದರು. 1999ರಲ್ಲಿ ಜೆಸ್ಸಿ ವೈಸ್ ಮತ್ತು ಸೂಸನ್ ವೈಸ್ ಬಾಯರ್ ಎಂಬ ತಾಯಿ-ಮಗಳ ‘ದ ವೆಲ್-ಟ್ರೇನ್ಡ್ ಮೈಂಡ್’ ಬಂತು. ಅದು ಐದರಿಂದ ಎಂಟನೆಯ ತರಗತಿಯವರೆಗಿನ ಕಾಲಕ್ಕೆ ‘ತರ್ಕದ ಹಂತ’ ಎಂದೇ ಹೆಸರಿಟ್ಟಿತು. ಎದುರುತ್ತರ ಕೊಡುವ ಮಗುವಿಗೆ ಸರಿಯಾಗಿ ಎದುರುತ್ತರ ಕೊಡುವುದನ್ನೇ ಕಲಿಸೋಣ ಎಂಬ ಈ ಯೋಚನೆ ಎಷ್ಟೋ ತಂದೆತಾಯಿಗಳಿಗೆ ಹಿಡಿಸಿತು. ಪುಸ್ತಕಗಳ ಮಾರುಕಟ್ಟೆಯೂ ಬೆಳೆಯಿತು.

ಆಯ್ಕೆಗೆ ಮೊದಲು ನಾಲ್ಕು ಪದಗಳು ಬೇಕು. ನಿಜ ಅಥವಾ ಸುಳ್ಳು ಎನ್ನಬಹುದಾದ ವಾಕ್ಯ ಹೇಳಿಕೆ. ವಾದದಲ್ಲಿ ಕಾರಣವಾಗಿ ನಿಲ್ಲುವ ಹೇಳಿಕೆ ಆಧಾರವಾಕ್ಯ; ಅದರಿಂದ ಹೊರಡಿಸುವ ಹೇಳಿಕೆ ತೀರ್ಮಾನ. ಆಧಾರಗಳು ನಿಜವಾಗಿದ್ದೂ ತೀರ್ಮಾನ ಸುಳ್ಳಾಗುವುದು ಅಸಾಧ್ಯವಾದರೆ ಆ ವಾದ ಸಿಂಧು. ‘ಎಲ್ಲ ಮೀನುಗಳೂ ಮರ ಹತ್ತುತ್ತವೆ, ಬಂಗುಡೆ ಮೀನು, ಆದ್ದರಿಂದ ಬಂಗುಡೆ ಮರ ಹತ್ತುತ್ತದೆ’ ಎಂಬುದು ಸಿಂಧುವಾದ ವಾದ. ‘ಕೆಲವು ಹಣ್ಣುಗಳು ಹುಳಿ, ನಿಂಬೆ ಒಂದು ಹಣ್ಣು, ಆದ್ದರಿಂದ ನಿಂಬೆ ಹುಳಿ’ ಎಂಬಲ್ಲಿ ಮೂರು ವಾಕ್ಯಗಳೂ ನಿಜ, ವಾದ ಮಾತ್ರ ಅಸಿಂಧು. ನಿಂಬೆಯ ಜಾಗದಲ್ಲಿ ಬಾಳೆಹಣ್ಣನ್ನು ಇಟ್ಟರೆ ಬಣ್ಣ ಬಯಲಾಗುತ್ತದೆ. ಆಕಾರ ಬೇರೆ, ಸತ್ಯ ಬೇರೆ. ಹನ್ನೊಂದು ವರ್ಷದ ಮಗು ಇದನ್ನು ನಗುತ್ತಲೇ ಒಪ್ಪಿಕೊಳ್ಳುತ್ತದೆ. ಅಪ್ಪ-ಅಮ್ಮನಿಗೇ ಹೆಚ್ಚು ಹೊತ್ತು ಬೇಕಾಗುವುದುಂಟು.

ಪೇಟೆಯಲ್ಲಿರುವ ಪುಸ್ತಕಗಳು ಮೂರು ಬಗೆ. ಮೊದಲನೆಯದು ಒಗಟುಗಳು. ಯಾರ ಮನೆ ಯಾವುದು, ಯಾರ ನಾಯಿ ಯಾವುದು ಎಂದು ಚೌಕಗಳ ಕೋಷ್ಟಕ ತುಂಬಿ ಬಿಡಿಸುವ ‘ಮೈಂಡ್ ಬೆಂಡರ್ಸ್’ ಮಾದರಿಯವು ಇಲ್ಲಿ ಸೇರುತ್ತವೆ. ಐದು-ಆರನೆಯ ತರಗತಿಗೆ ಇವು ಸಾಕು. ಆದರೆ ಒಗಟು ಬಿಡಿಸಿದ ಮಗುವಿಗೆ ತಾನು ಬಳಸಿದ ನಿಯಮ ಯಾವುದು ಎಂದು ಹೇಳಲು ಬರುವುದಿಲ್ಲ, ಪುಸ್ತಕವೂ ಕೇಳುವುದಿಲ್ಲ.

ಎರಡನೆಯದು ತರ್ಕದೋಷಗಳ ಪುಸ್ತಕಗಳು. ನೆಥೇನಿಯಲ್ ಮತ್ತು ಹ್ಯಾನ್ಸ್ ಬ್ಲೂಡಾರ್ನ್ ಸಹೋದರರ ‘ದ ಫ್ಯಾಲಸಿ ಡಿಟೆಕ್ಟಿವ್’ ಇವುಗಳಲ್ಲಿ ಹೆಚ್ಚು ಪ್ರಸಿದ್ಧ. ಚಿಕ್ಕ ಪಾಠಗಳು, ವ್ಯಂಗ್ಯಚಿತ್ರಗಳು, ಶಿಕ್ಷಕರಿಲ್ಲದೆಯೂ ಓದಿಸಬಹುದು. ಕ್ಲಾಸಿಕಲ್ ಅಕಾಡೆಮಿಕ್ ಪ್ರೆಸ್‌ನ ‘ದಿ ಆರ್ಟ್ ಆಫ್ ಆರ್ಗ್ಯುಮೆಂಟ್’ ಇನ್ನೂ ಅಚ್ಚುಕಟ್ಟು: 28 ದೋಷಗಳನ್ನು ವಿಂಗಡಿಸಿ, ಹುಸಿ ಜಾಹೀರಾತುಗಳ ಮೂಲಕ ತೋರಿಸುತ್ತದೆ. ಇವನ್ನು ಓದಿದ ಮಗುವಿಗೆ ಟಿವಿ ಜಾಹೀರಾತು ಮತ್ತೆಂದೂ ಮೊದಲಿನಂತೆ ಕಾಣಿಸುವುದಿಲ್ಲ. ಅಪಾಯವೊಂದಿದೆ. ಊಟದ ಮೇಜಿನಲ್ಲಿ ಯಾರು ಏನು ಹೇಳಿದರೂ ‘ಅದು ಇಂಥ ದೋಷ’ ಎಂದು ಹಣೆಪಟ್ಟಿ ಅಂಟಿಸುವ ಚಟ ಹತ್ತುತ್ತದೆ. ವಾದದಲ್ಲಿ ದೋಷವಿದೆ ಎಂದಮಾತ್ರಕ್ಕೆ ತೀರ್ಮಾನ ಸುಳ್ಳಾಗುವುದಿಲ್ಲ. ನಿಂಬೆಹಣ್ಣು ಈಗಲೂ ಹುಳಿಯೇ. ಈ ಮಾತನ್ನು ಸ್ಪಷ್ಟವಾಗಿ ಹೇಳದ ದೋಷಪಟ್ಟಿಯನ್ನು ಕೊಳ್ಳುವ ಮೊದಲು ಎರಡು ಸಲ ಯೋಚಿಸಬೇಕು.

ಮೂರನೆಯದು ಔಪಚಾರಿಕ ತರ್ಕ. ಮೆಮೋರಿಯಾ ಪ್ರೆಸ್‌ನ, ಮಾರ್ಟಿನ್ ಕಾಥ್ರನ್ ಬರೆದ ಎರಡು ಭಾಗಗಳ ‘ಟ್ರೆಡಿಷನಲ್ ಲಾಜಿಕ್’ ಮತ್ತು ಕ್ಯಾನನ್ ಪ್ರೆಸ್‌ನ ‘ಇಂಟ್ರೊಡಕ್ಟರಿ ಲಾಜಿಕ್’ ಇಲ್ಲಿ ಹೆಚ್ಚು ಬಳಕೆಯಲ್ಲಿವೆ. ಎರಡರ ತಿರುಳೂ ಅರಿಸ್ಟಾಟಲ್‌ನ ಸಿಲಾಜಿಸಂ, ಅಂದರೆ ಎರಡು ಆಧಾರ ಮತ್ತು ಒಂದು ತೀರ್ಮಾನದ ಅನುಮಾನ. ಹೀಗೆ ಜೋಡಿಸಬಹುದಾದ ರೂಪಗಳು 256. ಅವುಗಳಲ್ಲಿ ‘ಬಾರ್ಬರಾ’, ‘ಸೆಲಾರೆಂಟ್’ ಎಂಬಂಥ ಹೆಸರು ಪಡೆದು ಸಂಪ್ರದಾಯದಲ್ಲಿ ಉಳಿದವು 19. ಆಧುನಿಕ ತರ್ಕ ಸಿಂಧುವೆಂದು ಒಪ್ಪುವುದು 15ನ್ನು ಮಾತ್ರ. ಈ ವ್ಯತ್ಯಾಸಕ್ಕೆ ಕಾರಣ ಒಂದು ಪ್ರಶ್ನೆ: ‘ಎಲ್ಲ ಯಕ್ಷರೂ ಬಲಶಾಲಿಗಳು’ ಎಂದರೆ ಒಬ್ಬ ಯಕ್ಷನಾದರೂ ಇದ್ದಾನೆ ಎಂದಾಗುತ್ತದೆಯೇ? ಹೌದೆಂದರೆ ಲೆಕ್ಕ ಒಂದು, ಇಲ್ಲವೆಂದರೆ ಇನ್ನೊಂದು. ಎರಡು ಪುಸ್ತಕಗಳ ಉತ್ತರಪಟ್ಟಿ ಹೊಂದದಿದ್ದರೆ ಅಚ್ಚಿನ ತಪ್ಪೆಂದು ಗಾಬರಿಯಾಗಬೇಕಿಲ್ಲ. ಈ ಪ್ರಶ್ನೆಗೆ ಅವು ಕೊಟ್ಟ ಉತ್ತರ ಬೇರೆಯಾಗಿರಬಹುದು.

ಯಾವ ಬಗೆಯ ಪುಸ್ತಕವಾದರೂ ಅದರ ಯೋಗ್ಯತೆ ತಿಳಿಯುವುದು ಒಂದೇ ಪಾಠದಲ್ಲಿ: ‘ಹೀಗಿದ್ದರೆ ಹಾಗೆ’ ಎಂಬ ವಾಕ್ಯದ ಪಾಠದಲ್ಲಿ. ಸೋಲುವವರು ಹೆಚ್ಚು ಇಲ್ಲಿಯೇ. ಮಕ್ಕಳಷ್ಟೇ ಅಲ್ಲ, ಪದವೀಧರರೂ. ನಮ್ಮ ನ್ಯಾಯದರ್ಶನದ ಹಳೆಯ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು: ಹೊಗೆಯಿದ್ದರೆ ಬೆಂಕಿಯಿರುತ್ತದೆ. ಇದರಿಂದ ನಾಲ್ಕು ಕಡೆ ಹೆಜ್ಜೆ ಇಡಬಹುದು. ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ: ಸರಿ. ಬೆಂಕಿಯಿಲ್ಲ, ಆದ್ದರಿಂದ ಹೊಗೆಯಿಲ್ಲ: ಇದೂ ಸರಿ. ಬೆಂಕಿಯಿದೆ, ಆದ್ದರಿಂದ ಹೊಗೆಯಿದೆ: ತಪ್ಪು. ಹೊಗೆಯಿಲ್ಲ, ಆದ್ದರಿಂದ ಬೆಂಕಿಯಿಲ್ಲ: ತಪ್ಪು. ಕೊನೆಯ ಎರಡನ್ನೂ ಕೆಡವಲು ನೈಯಾಯಿಕರಿಗೆ ಸಾಕಾದದ್ದು ಒಂದು ಕೆಂಪಗೆ ಕಾದ ಕಬ್ಬಿಣದ ಗುಂಡು. ಅದರಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಬೆಂಕಿಯಿಂದ ಹೊಗೆ ಏಳಬೇಕಾದರೆ ಹಸಿ ಸೌದೆಯೂ ಬೇಕು. ಹೀಗೆ ಒಳಗೇ ಅಡಗಿ ಕೂತ ಷರತ್ತನ್ನು ಅವರು ‘ಉಪಾಧಿ’ ಎಂದರು. ಹದಿನೇಳನೆಯ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ದಂಥ ಪುಟ್ಟ ಕೈಪಿಡಿಯಲ್ಲೂ ಇದಕ್ಕೆ ಜಾಗವಿದೆ.

ಮಗು ಮೂರನೆಯ, ನಾಲ್ಕನೆಯ ಹೆಜ್ಜೆಗಳನ್ನು ಸರಿ ಎನ್ನುವುದು ದಡ್ಡತನದಿಂದಲ್ಲ. ‘ಹೋಂವರ್ಕ್ ಮುಗಿಸಿದರೆ ಆಟಕ್ಕೆ ಹೋಗಬಹುದು’ ಎಂದು ತಾಯಿ ಹೇಳಿದಾಗ, ಮುಗಿಸದಿದ್ದರೆ ಹೋಗುವಂತಿಲ್ಲ ಎಂದು ಮಗು ಅರ್ಥ ಮಾಡಿಕೊಳ್ಳುತ್ತದೆ. ತಾಯಿಯ ಮನಸ್ಸಿನಲ್ಲಿದ್ದದ್ದೂ ಅದೇ. ದಿನದ ಮಾತಿನಲ್ಲಿ ಒಮ್ಮುಖದ ವಾಕ್ಯ ಸದ್ದಿಲ್ಲದೆ ಇಮ್ಮುಖವಾಗಿಬಿಡುತ್ತದೆ. ತರ್ಕಪುಸ್ತಕದ ‘ಇದ್ದರೆ’ ಮಾತ್ರ ಒಂದೇ ದಿಕ್ಕಿಗೆ ಹೋಗುವಂಥದ್ದು. ಮಗುವಿನ ಅರ್ಥ ಎಲ್ಲಿ ಸರಿ, ಎಲ್ಲಿ ಸಲ್ಲದು ಎಂದು ಬಿಡಿಸಿ ಹೇಳುವ ಪುಸ್ತಕ ಒಳ್ಳೆಯದು. ‘ಇದು ತಪ್ಪು’ ಎಂದು ಬರೆದು ಮುಂದಿನ ಅಧ್ಯಾಯಕ್ಕೆ ಹಾರುವ ಪುಸ್ತಕ ಮಗುವಿಗೆ ತರ್ಕವೆಂದರೆ ಮೊಂಡು ನಿಯಮಗಳ ಕಂತೆ ಎಂದು ಕಲಿಸುತ್ತದೆ.

ಬ್ರಿಟನ್ನಿನ ಮನೋವಿಜ್ಞಾನಿ ಪೀಟರ್ ವೇಸನ್ 1966ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ತೊಡಕನ್ನು ಬಿಚ್ಚಿ ತೋರಿಸಿತು. ಮೇಜಿನ ಮೇಲೆ ನಾಲ್ಕು ಕಾರ್ಡುಗಳು. ಒಂದು ಬದಿಯಲ್ಲಿ ಅಕ್ಷರ, ಇನ್ನೊಂದರಲ್ಲಿ ಅಂಕಿ. ಮೇಲೆ ಕಾಣುವುದು ಒಂದು ಸ್ವರ, ಒಂದು ವ್ಯಂಜನ, 4 ಮತ್ತು 7. ನಿಯಮ: ಒಂದು ಬದಿಯಲ್ಲಿ ಸ್ವರವಿದ್ದರೆ ಇನ್ನೊಂದರಲ್ಲಿ ಸರಿಸಂಖ್ಯೆ ಇರುತ್ತದೆ. ಇದನ್ನು ಪರೀಕ್ಷಿಸಲು ಯಾವ ಕಾರ್ಡುಗಳನ್ನು ಮಗುಚಬೇಕು? ಹೆಚ್ಚಿನವರು ಸ್ವರ ಮತ್ತು 4 ಎನ್ನುತ್ತಾರೆ. ಸರಿಯುತ್ತರ ಸ್ವರ ಮತ್ತು 7. ನಾಲ್ಕರ ಹಿಂದೆ ಏನಿದ್ದರೂ ನಿಯಮ ಮುರಿಯುವುದಿಲ್ಲ. ಏಳರ ಹಿಂದೆ ಸ್ವರವಿದ್ದರೆ ಮುರಿದೇ ಹೋಯಿತು. ಇಂಥ ಪ್ರಯೋಗಗಳಲ್ಲಿ ಸರಿಯುತ್ತರ ಕೊಡುವವರು ಸಾಮಾನ್ಯವಾಗಿ ಹತ್ತರಲ್ಲಿ ಒಬ್ಬರೂ ಇರುವುದಿಲ್ಲ. 1982ರಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ ಇದೇ ಒಗಟಿಗೆ ಬೇರೆ ಬಟ್ಟೆ ತೊಡಿಸಿದರು: ಬಿಯರ್ ಕುಡಿಯುವವರಿಗೆ 19 ವರ್ಷ ದಾಟಿರಬೇಕು, ಯಾರನ್ನು ತಪಾಸಣೆ ಮಾಡಬೇಕು? ಫ್ಲಾರಿಡಾದ ವಿದ್ಯಾರ್ಥಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಜನ ಬಿಯರ್ ಹಿಡಿದವನನ್ನೂ ಎಳೆಯನನ್ನೂ ಸರಿಯಾಗಿ ಆರಿಸಿದರು. ಆಕಾರ ಅದೇ, ಫಲಿತಾಂಶ ತಲೆಕೆಳಗು! ಈ ಎರಡು ಒಗಟುಗಳನ್ನು ಒಂದೇ ಸಂಜೆ ಮಗುವಿನ ಮುಂದಿಡುವುದಕ್ಕಿಂತ ಒಳ್ಳೆಯ ಮೊದಲ ಪಾಠ ಸಿಗುವುದು ಕಷ್ಟ.

ಪಠ್ಯ ಆರಿಸುವವರು ನೆನಪಿಡಬೇಕಾದ ಸಂಶೋಧನೆ 1986ರದು. ಪೆಟ್ರೀಷಿಯಾ ಚೆಂಗ್, ಕೀತ್ ಹೋಲಿಯೋಕ್ ಮತ್ತು ಸಂಗಡಿಗರು ಕಾಲೇಜಿನಲ್ಲಿ ಇಡೀ ಒಂದು ತರ್ಕದ ಕೋರ್ಸ್ ಮುಗಿಸಿದವರಿಗೆ ವೇಸನ್ ಮಾದರಿಯ ಒಗಟುಗಳನ್ನು ಕೊಟ್ಟರು. ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ. ಬರಿಯ ನಿಯಮದಿಂದ ಆಗದ್ದು, ನಿಯಮದ ಜೊತೆಗೆ ಉದಾಹರಣೆಗಳನ್ನು ಬಿಡಿಸಿ ತೋರಿಸಿದಾಗ ಆಯಿತು. ಉದಾಹರಣೆಗೆ ಇಂಥದೇ ಜಾಗ ನ್ಯಾಯದರ್ಶನದಲ್ಲೂ ಇದೆ: ಅದರ ಐದು ಅವಯವಗಳ ಅನುಮಾನದಲ್ಲಿ ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಕಾರಣ) ಇವುಗಳ ನಂತರ ಉದಾಹರಣೆ ಬರಲೇಬೇಕು. ಬೆಟ್ಟದಲ್ಲಿ ಹೊಗೆ ಕಂಡಿದೆ, ಆದ್ದರಿಂದ ಅಲ್ಲಿ ಬೆಂಕಿಯಿದೆ ಎನ್ನುವವರು ಅಡುಗೆಮನೆಯ ಒಲೆಯನ್ನು ತೋರಿಸದೆ ಆ ಬೆಂಕಿಯನ್ನು ಒಪ್ಪಿಸುವಂತಿಲ್ಲ. ಅರಿಸ್ಟಾಟಲ್‌ನ ಮೂರು ವಾಕ್ಯಗಳ ಮುಂದೆ ಇದು ಉದ್ದವಾಯಿತೆಂದು ಗೊಣಗಿದವರಿದ್ದಾರೆ. ಕಲಿಸುವವರ ಕಡೆಯಿಂದ ನೋಡಿದರೆ ಆ ಉದ್ದ ದಂಡವಲ್ಲ.

ಹಾಗಾಗಿ ಪುಸ್ತಕ ಕೈಗೆ ಬಂದಾಗ ಮುನ್ನುಡಿಗಿಂತ ಅಭ್ಯಾಸದ ಪುಟಗಳನ್ನು ತೆರೆಯುವುದು ಮೇಲು. ಆಧಾರ ಸುಳ್ಳಾಗಿದ್ದೂ ಸಿಂಧುವಾದ ವಾದಗಳು ಅಲ್ಲಿವೆಯೇ? ಅಸಿಂಧು ಎಂದು ಬರೆದರೆ ಸಾಕೇ, ಕಾದ ಕಬ್ಬಿಣದಂಥ ಪ್ರತ್ಯುದಾಹರಣೆ ಕೊಡು ಎಂದು ಪುಸ್ತಕ ಕೇಳುತ್ತದೆಯೇ? ಒಂದೇ ಆಕಾರ ಕಥೆಯಲ್ಲಿ, ಚಿಹ್ನೆಯಲ್ಲಿ, ಸುದ್ದಿಯಲ್ಲಿ ಮರಳಿ ಮರಳಿ ಬರುತ್ತದೆಯೇ? ಉತ್ತರಪುಸ್ತಕದಲ್ಲಿ ‘ಅಸಿಂಧು’ ಎಂಬ ಒಂದೇ ಪದವಿದ್ದರೆ, ತರ್ಕ ಕಲಿಯದ ತಂದೆತಾಯಿ ಮಗುವಿನ ಬೇರೆ ಉತ್ತರದ ಮುಂದೆ ಬಾಯಿ ಕಟ್ಟಿ ಕೂರಬೇಕಾಗುತ್ತದೆ. ಬೆಲೆ, ವಿಡಿಯೊ, ಬಣ್ಣದ ಚಿತ್ರ ಎಲ್ಲ ಆಮೇಲಿನ ಮಾತು.

ಮತ ಧರ್ಮದ ವಿಚಾರವನ್ನೂ ಮೊದಲೇ ನೋಡಿಕೊಳ್ಳುವುದು ಲೇಸು. ಈ ಪ್ರಕಾಶಕರಲ್ಲಿ ಅನೇಕರು ಕ್ರೈಸ್ತ ಶಿಕ್ಷಣದ ಹಿನ್ನೆಲೆಯವರು. ‘ಇಂಟ್ರೊಡಕ್ಟರಿ ಲಾಜಿಕ್’ನಲ್ಲಿ ಅದು ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಅಮೆರಿಕದಲ್ಲಿ ಮಕ್ಕಳಿಗೆ ಮನೆಯಲ್ಲೇ ಕಲಿಸುವ ಕನ್ನಡ ಕುಟುಂಬಕ್ಕೆ ಇದು ಅಡ್ಡಿಯೇ ಆಗಬೇಕಿಲ್ಲ. ಬೈಬಲ್ಲಿನ ವಾಕ್ಯವಿದ್ದಲ್ಲಿ ಗಾದೆಯನ್ನೋ ಕ್ರಿಕೆಟ್ಟನ್ನೋ ಇಟ್ಟು ಅದೇ ಆಕಾರವನ್ನು ಮತ್ತೆ ಕಟ್ಟುವುದು ತಾನೇ ಒಂದು ಒಳ್ಳೆಯ ಅಭ್ಯಾಸ.

ಕ್ರಮ ಹೀಗಿರಬಹುದು: ಆರನೆಯ ತರಗತಿಯಲ್ಲಿ ಒಗಟು, ಏಳರಲ್ಲಿ ದೋಷಗಳು, ಎಂಟರಲ್ಲಿ ಔಪಚಾರಿಕ ತರ್ಕದ ಆರಂಭ. ಮಗು ಗಣಿತದಲ್ಲಿ ಚುರುಕಾಗಿದ್ದರೆ ಕೊನೆಯ ಎರಡನ್ನು ಅದಲುಬದಲು ಮಾಡಿದರೂ ನಷ್ಟವಿಲ್ಲ. ಆಕಾರದ ಪರಿಚಯವಾದ ಮೇಲೆ ದೋಷಗಳ ಹೆಸರು ತಾನಾಗಿಯೇ ಹಗುರಾಗುತ್ತದೆ. ವಾರಕ್ಕೆ ಎರಡು ಪಾಠ ಧಾರಾಳ. ಬೇಸರದ ದಿನಗಳಿಗೆ ರೇಮಂಡ್ ಸ್ಮಲಿಯನ್‌ನ, ಸದಾ ನಿಜ ಹೇಳುವವರೂ ಸದಾ ಸುಳ್ಳು ಹೇಳುವವರೂ ವಾಸಿಸುವ ದ್ವೀಪದ ಒಗಟುಗಳಿವೆ. 1978ರ ‘ವಾಟ್ ಈಸ್ ದ ನೇಮ್ ಆಫ್ ದಿಸ್ ಬುಕ್?’ ಮನೆಯಲ್ಲಿದ್ದರೆ ದೊಡ್ಡವರೇ ಮೊದಲು ಕಿತ್ತುಕೊಳ್ಳುತ್ತಾರೆ. ಮ್ಯಾಥ್ಯೂ ಲಿಪ್‌ಮನ್ 1974ರಲ್ಲಿ ಪ್ರಕಟಿಸಿದ ‘ಹ್ಯಾರಿ ಸ್ಟಾಟಲ್‌ಮಿಯರ್ಸ್ ಡಿಸ್ಕವರಿ’ ಮಕ್ಕಳೇ ಮಾತಾಡುತ್ತ ತರ್ಕದ ನಿಯಮಗಳನ್ನು ಕಂಡುಕೊಳ್ಳುವ ಕಥೆ. ‘ಎಲ್ಲ’ ಎಂದು ಶುರುವಾಗುವ ವಾಕ್ಯವನ್ನು ತಿರುಗಿಸಿದರೆ ಏನಾಗುತ್ತದೆ ಎಂಬ ಹುಡುಗನ ಎಡವಟ್ಟಿನಿಂದಲೇ ಅದು ಆರಂಭವಾಗುತ್ತದೆ. ಅಣ್ಣ-ತಂಗಿ ಇಬ್ಬರೇ ಇರುವ ಮನೆಯಲ್ಲೂ ಗಟ್ಟಿಯಾಗಿ ಓದಿ ಚರ್ಚಿಸಬಹುದು.

ಕಲಿಸುವವರ ತಯಾರಿಗೆ ಕನ್ನಡದಲ್ಲೂ ದಾರಿಯಿದೆ. ಕರ್ನಾಟಕದ ಪಿಯುಸಿ ಕಲಾ ವಿಭಾಗದಲ್ಲಿ ತರ್ಕಶಾಸ್ತ್ರ ಇಂದಿಗೂ ಒಂದು ಐಚ್ಛಿಕ ವಿಷಯ. ಅದರ ಪಠ್ಯವನ್ನು ಓದಿದವರಿಗೆ ಅಮೆರಿಕದ ಪುಸ್ತಕಗಳಲ್ಲಿ ಹೊಸ ಪದ ಸಿಗಬಹುದು, ಹೊಸ ವಿಷಯ ಅಷ್ಟಾಗಿ ಸಿಗುವುದಿಲ್ಲ. ಅದನ್ನು ಮುಗಿಸಿದವರು ‘ತರ್ಕಸಂಗ್ರಹ’ದ ಅನುಮಾನ ಪ್ರಕರಣವನ್ನೂ ಓದಬೇಕು, ಕೆಲವೇ ಪುಟ, ಬಲ್ಲವರೊಬ್ಬರ ವಿವರಣೆಯ ಜೊತೆ ಕೂತರೆ ಕೆಲವು ವಾರಗಳ ಕೆಲಸ. ಹೇತ್ವಾಭಾಸಗಳ, ಅಂದರೆ ಕಾರಣದಂತೆ ತೋರುವ ಹುಸಿ ಕಾರಣಗಳ, ಭಾಗದಲ್ಲಿ ತುಸು ಹೆಚ್ಚು ನಿಲ್ಲಬೇಕು. ಪಾಶ್ಚಾತ್ಯ ದೋಷಪಟ್ಟಿಗಳು ವಾದಿಯ ಚಾಲಾಕಿಗಳನ್ನು ಎಣಿಸುವಾಗ ಈ ಪಟ್ಟಿ ಕೊಟ್ಟ ಕಾರಣ ಎಲ್ಲಿ ಸಡಿಲ ಎಂದು ಹುಡುಕುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಏಳನೆಯ ತರಗತಿಯ ಮಗುವಿಗೆ ಹೊಂದುವಂತೆ ಬರೆದ ಕನ್ನಡ ಅಭ್ಯಾಸಪುಸ್ತಕವೊಂದು ಬರಬೇಕು. ಅದನ್ನು ಬರೆಯಲು ಹೊರಡುವವರು ಮೊದಲು ‘ಇದ್ದರೆ’ಯ ಪಾಠದ ಅಭ್ಯಾಸಗಳನ್ನು ಸಿದ್ಧಪಡಿಸಿ, ನಾಲ್ಕೈದು ಮಕ್ಕಳ ಮುಂದಿಟ್ಟು ನೋಡಿ, ಆಮೇಲೆ ಉಳಿದ ಅಧ್ಯಾಯಗಳಿಗೆ ಕೈ ಹಾಕುವುದು ಒಳ್ಳೆಯದು.