ಮಾರ್ಪಡಿಸಿದ ಕಾರು ನಡುಗುತ್ತಿದೆಯೇ? ಮೊದಲು ಹೀಗೆ ಪರೀಕ್ಷಿಸಿ

ಇಂಜಿನ್ ಭಾಗ ಮಾರ್ಪಡಿಸಿದ ಕಾರಿನ ನಡುಕ ಬಿಡದಿದ್ದರೆ, ಬಿಡಿಭಾಗಕ್ಕೆ ಹಣ ಸುರಿಯುವ ಮೊದಲು ಒಂದು ಸರಳ ಪರೀಕ್ಷೆ ಮಾಡಿ. ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿಟ್ಟು, ಓಡಿಸುವಾಗ ನಡುಕ ಕಾಣುವಷ್ಟೇ ಆರ್‌ಪಿಎಂಗೆ ಇಂಜಿನ್ ಏರಿಸಿ. ಆಗ ನಡುಕ ಇಲ್ಲವಾದರೆ ಟಯರ್, ಚಕ್ರ, ಡ್ರೈವ್ ಶಾಫ್ಟ್ ನೋಡಿಸಿ. ಇದ್ದರೆ ಕಾರಣ ಹೆಚ್ಚಾಗಿ ಇಂಜಿನ್ ಅಥವಾ ಮೌಂಟ್.

ರಬ್ಬರ್ ಮೌಂಟ್ ಬದಲು ಗಟ್ಟಿ ಪಾಲಿಯುರೆಥೇನ್ ಮೌಂಟ್ ಹಾಕಿಸಿದ್ದರೆ ಇಂಜಿನ್ನಿನ ಸಹಜ ಕಂಪನವೇ ಸೀಟು, ಸ್ಟೇರಿಂಗ್‌ಗೆ ತಲುಪುತ್ತದೆ. ಹಳೆಯ ಮಾದರಿಯ ಮೌಂಟ್ ಮರಳಿ ಹಾಕಿದರೆ ಸಂಶಯ ನೀಗುತ್ತದೆ.

ನಿಂತಲ್ಲೇ ಲಯಬದ್ಧವಾಗಿ ಕುಲುಕಿದರೆ ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲವೆಂದು ಶಂಕಿಸಬೇಕು. 800 ಆರ್‌ಪಿಎಂನಲ್ಲಿ ಅಂತಹ ಕುಲುಕು ನಿಮಿಷಕ್ಕೆ 400 ಬಾರಿ ಬರುತ್ತದೆ. ಪ್ಲಗ್, ಕಾಯಿಲ್, ಇಂಜೆಕ್ಟರ್, ಗಾಳಿ ಸೋರಿಕೆ ಪರೀಕ್ಷಿಸಿ. ಚೆಕ್ ಇಂಜಿನ್ ದೀಪ ಮಿನುಗುತ್ತಿದ್ದರೆ ಓಡಿಸಬೇಡಿ. ಉರಿಯದ ಪೆಟ್ರೋಲ್ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟು ಹಾಳುಮಾಡಬಹುದು.