ಗರಿಕೆಯ ಬೀಜವೂ ಮನೆಯ ಆರೋಗ್ಯವೂ

ಮನೆಯ ಮುಂದಿನ ಬರಿನೆಲವು ಬೇಸಿಗೆಯಲ್ಲಿ ಧೂಳನ್ನೂ ಮಳೆಗಾಲದಲ್ಲಿ ಕೆಸರನ್ನೂ ಒಳಗೆ ಕಳುಹಿಸುತ್ತದೆ. ಉಬ್ಬಸದ ರೋಗಿಗಳಿರುವ ಮನೆಯಲ್ಲಿ ಆ ನೆಲಕ್ಕೆ ಹುಲ್ಲಿನ ಹೊದಿಕೆ ಹಾಸುವುದು ಕೇವಲ ಅಂದದ ವಿಷಯವಲ್ಲ. ಆದರೆ ಬೆಳೆಸುವ ಕ್ರಮ ತಪ್ಪಿದರೆ ಧೂಳು ಹೋಗಿ ಸೊಳ್ಳೆ ಬಂದೀತು.

ಮೊದಲನೆಯದು ಹುಲ್ಲಿನ ಆಯ್ಕೆ. ಪೊಟ್ಟಣದ ಮೇಲಣ ಚಿತ್ರಕ್ಕೆ ಮರುಳಾಗಿ, ಇಲ್ಲವೆ ವಿದೇಶದಲ್ಲಿರುವ ಮಕ್ಕಳು ತಂದರೆಂದು, ಚಳಿನಾಡಿನ ರೈ, ಬ್ಲೂಗ್ರಾಸ್ ಜಾತಿಗಳನ್ನು ಬಿತ್ತುವವರುಂಟು. ಅವು ಡಿಸೆಂಬರಿನಲ್ಲಿ ಕಣ್ಣಿಗೆ ಹಬ್ಬವೆನಿಸಿ, ಉಷ್ಣತೆ 40 ಡಿಗ್ರಿ ದಾಟುವ ಮೇ ತಿಂಗಳಲ್ಲಿ ಒಣಗಿ ಹುಡಿಯಾಗುತ್ತವೆ. ಹೈದರಾಬಾದಿನ ಮರಳುಮಿಶ್ರಿತ ಕೆಮ್ಮಣ್ಣಿಗೆ ಒಗ್ಗುವುದು ಗಣಪತಿಗೆ ಏರಿಸುವ ನಮ್ಮ ಗರಿಕೆಯೇ. ಅಂಗಡಿಯಲ್ಲಿ ಬರ್ಮುಡಾ ಎಂದು ಮಾರುವುದೂ ಇದನ್ನೇ. ಹೆಸರು ಕೇಳಿ ಪರದೇಶಿಯೆಂದು ಭ್ರಮಿಸಬೇಕಾಗಿಲ್ಲ. ಇದಕ್ಕೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಮರದಡಿಯಲ್ಲೂ ಎತ್ತರದ ಕಟ್ಟಡಗಳ ನೆರಳಿನಲ್ಲೂ ಇದನ್ನು ಬಿತ್ತುವುದು ಹಣ ಚೆಲ್ಲಿದಂತೆ.

ಮಾಲಿಗಳು ಸಾಮಾನ್ಯವಾಗಿ ಬೇರುಸಹಿತ ತುಂಡುಗಳನ್ನು ನೆಡುತ್ತಾರೆ. ಅದು ಬೇಗ ಹರಡುವುದು ನಿಜ; ಆದರೆ ಆ ಮಣ್ಣಿನೊಡನೆ ಕೊನ್ನಾರಿ ಗಡ್ಡೆಯೂ ಬಂದು ಸೇರುತ್ತದೆ. ತಾಳ್ಮೆಯಿದ್ದವರಿಗೆ ಬೀಜವೇ ಲೇಸು.

ಮೇ ತಿಂಗಳಲ್ಲಿ ನೆಲವನ್ನು ಮುಕ್ಕಾಲು ಅಡಿ ಆಳಕ್ಕೆ ಅಗೆದು, ಕಲ್ಲು, ಸಿಮೆಂಟಿನ ಚೂರುಗಳನ್ನು ಆರಿಸಿ ಬಿಸಿಲಿಗೆ ಬಿಡಬೇಕು. ಚದರ ಮೀಟರಿಗೆ ನಾಲ್ಕೈದು ಕಿಲೋ ಕಳಿತ ಗೊಬ್ಬರ ಸಾಕು. ಗೊಬ್ಬರದಲ್ಲಿಯೂ ಮಣ್ಣಿನಲ್ಲಿಯೂ ಧನುರ್ವಾಯುವಿನ ರೋಗಾಣುಗಳಿರಬಹುದಾದ್ದರಿಂದ ಗಾಯವಿರುವ ಬರಿಗೈಯಿಂದ ಕೆಲಸ ಮಾಡಬಾರದು. ಮನೆಯಿಂದ ಹೊರಮುಖವಾಗಿ ಹತ್ತು ಅಡಿಗೆ ಒಂದೆರಡು ಅಂಗುಲ ಇಳಿಜಾರಿರಲಿ. ಬಳಿಕ ನೀರು ಹನಿಸಿ ಎರಡು ವಾರ ಕಾದರೆ ಕಳೆಗಳೆಲ್ಲ ತಾವಾಗಿಯೇ ತಲೆಯೆತ್ತುತ್ತವೆ. ಅವುಗಳಲ್ಲಿ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಇದ್ದರೆ ಹೂ ಬಿಡುವ ಮುನ್ನವೇ ಕೈಚೀಲ ಧರಿಸಿ ಕೀಳಬೇಕು. ಅದರ ಸ್ಪರ್ಶದಿಂದ ಚರ್ಮರೋಗವೂ ಪರಾಗದಿಂದ ಉಬ್ಬಸವೂ ಉಂಟಾಗುತ್ತವೆ. ಈ ಎರಡು ವಾರಗಳನ್ನು ಉಳಿಸಹೋದವರು ವರ್ಷವಿಡೀ ಕಳೆ ಕೀಳುತ್ತಾರೆ.

ಮೃಗಶಿರಾ ಮಳೆ ಬಿದ್ದು ನೆಲ ತಣಿದ ಮೇಲೆ ಬಿತ್ತನೆಗೆ ಸಕಾಲ. ನೂರು ಚದರ ಅಡಿಗೆ 50ರಿಂದ 75 ಗ್ರಾಂ ಬೀಜ ಸಾಕಾಗುತ್ತದೆ. ಬೀಜ ಬಲು ಸಣ್ಣದು. ಎರಡರಷ್ಟು ಮರಳಿನೊಡನೆ ಬೆರೆಸಿ, ಅರ್ಧವನ್ನು ಉದ್ದಕ್ಕೂ ಅರ್ಧವನ್ನು ಅಡ್ಡಕ್ಕೂ ಎರಚಿ, ಕಾಲಂಗುಲಕ್ಕಿಂತ ಹೆಚ್ಚು ಮಣ್ಣು ಮುಚ್ಚದೆ ಹಲಗೆಯಿಂದ ಒತ್ತಬೇಕು. ಒಂದರಿಂದ ಮೂರು ವಾರಗಳೊಳಗೆ ಮೊಳಕೆ ಕಾಣುತ್ತದೆ.

ಈ ಅವಧಿಯಲ್ಲಿ ನೀರಿನ ವಿಷಯ ಮುಖ್ಯ. ಮಳೆಯಿಲ್ಲದ ದಿನ ಎರಡು ಮೂರು ಬಾರಿ ತುಂತುರಾಗಿ ಚಿಮುಕಿಸಬೇಕೇ ಹೊರತು ಹೊಳೆ ಹರಿಸಬಾರದು. ಹೆಜ್ಜೆಯೂರಿದ ಗುಳಿಯಲ್ಲಿ ನೀರು ತುಂಬಿದರೆ ಅದು ಅತಿಯಾಯಿತೆಂದು ತಿಳಿಯಬೇಕು. ಬೇಗಂಪೇಟೆಯವರಿಗೆ ಇದನ್ನು ನೆನಪಿಸಲು ಬೇರೊಂದು ಕಾರಣವೂ ಉಂಟು. ಮಲೇರಿಯಾ ರೋಗಿ ಹುಸೇನ್ ಖಾನ್‌ಗೆ ಕಚ್ಚಿದ ಪ್ರತಿ ಸೊಳ್ಳೆಗೆ ಒಂದಾಣೆಯಂತೆ ಕೊಟ್ಟು, ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಅಂಥ ಅನಾಫಿಲಿಸ್ ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡದ್ದು ಇಲ್ಲಿಯ ಸೈನಿಕ ಆಸ್ಪತ್ರೆಯಲ್ಲಿ. 1902ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಸಂದಿತು. ಆ ಸೊಳ್ಳೆಗೂ ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೂ ನಿಂತ ನೀರೇ ತವರು. ಹುಲ್ಲಿಗೆಂದು ತುಂಬಿಟ್ಟ ಡ್ರಮ್ಮು ಹುಲ್ಲಿಗಿಂತ ಅಪಾಯಕರ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರವೇ ಸಾಕಾದ್ದರಿಂದ ವಾರಕ್ಕೊಮ್ಮೆ ಅದನ್ನು ಬರಿದುಮಾಡಿ ಉಜ್ಜಿ ತೊಳೆಯಬೇಕು. ಈಡಿಸಿನ ಮೊಟ್ಟೆಗಳು ಗೋಡೆಗೆ ಅಂಟಿಕೊಂಡಿರುತ್ತವೆ. ಹುಲ್ಲು ಬೇರೂರಿದ ಮೇಲೆ ದಿನನಿತ್ಯದ ನೀರು ಅನಗತ್ಯ. ನಾಲ್ಕೈದು ದಿನಕ್ಕೊಮ್ಮೆ ಅರ್ಧ ಅಡಿ ಆಳ ನೆನೆದರೆ ಬೇರು ಕೆಳಗಿಳಿದು ಬೇಸಿಗೆಯನ್ನು ತಾಳಿಕೊಳ್ಳುತ್ತದೆ.

ಎರಡಂಗುಲ ಬೆಳೆದಾಗ ಮೊದಲ ಕತ್ತರಿಕೆ. ಅದೂ ಹರಿತವಾದ ಅಲಗಿನಿಂದ, ಮೂರನೆಯ ಒಂದು ಭಾಗದಷ್ಟು ಮಾತ್ರ. ಮುಂದೆಯೂ ಕತ್ತರಿಕೆಯನ್ನು ತಪ್ಪಿಸಕೂಡದು. ಗರಿಕೆಯ ಪರಾಗವೂ ಕೆಲವರಲ್ಲಿ ಸೀನನ್ನೂ ಉಬ್ಬಸವನ್ನೂ ಕೆರಳಿಸುವುದರಿಂದ, ಬೆರಳು ಬಿಡಿಸಿದಂಥ ತೆನೆಗಳು ಮೇಲೇಳುವ ಮೊದಲೇ ಹುಲ್ಲನ್ನು ಸವರಬೇಕು. ಉಬ್ಬಸವುಳ್ಳವರು ಆ ಕೆಲಸವನ್ನು ಮನೆಯ ಇತರರಿಗೆ ಬಿಟ್ಟು, ಸವರುವಷ್ಟು ಹೊತ್ತು ಒಳಗಿರುವುದು ಕ್ಷೇಮ.