ಕಡಲೊಳಗೆ ಇಣುಕುವ ಮುನ್ನ...

ಕ್ರಿಸ್‌ಮಸ್ ರಜೆಗೆ ಮುರುಡೇಶ್ವರಕ್ಕೆ ಹೋಗಿ ಬಂದ ಪಕ್ಕದ ಮನೆಯವರ ಮುಖ ಸಪ್ಪಗಿತ್ತು. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿದ್ದರಂತೆ. ಗಂಡ, ಮಕ್ಕಳು ಸ್ನಾರ್ಕೆಲಿಂಗ್ ಮಾಡಿ ಬಣ್ಣಬಣ್ಣದ ಮೀನು ನೋಡಿ ಬಂದರೆ, ಇವರು ಎರಡೇ ನಿಮಿಷಕ್ಕೆ ವಾಪಸ್ ದೋಣಿ ಹತ್ತಿದ್ದರು. ‘ಕಣ್ಣಿಗೆಲ್ಲ ಉಪ್ಪುನೀರು ನುಗ್ಗಿತು ಕಣ್ರೀ. ಉಸಿರು ಕಟ್ಟಿದ ಹಾಗಾಯ್ತು. ಇದೆಲ್ಲ ನಮ್ಮಂಥವರಿಗಲ್ಲ ಬಿಡಿ’ ಅಂದರು.

ವಿಚಾರಿಸಿದಾಗ ತಿಳಿದದ್ದೇನು ಗೊತ್ತೇ? ಅವರಿಗೆ ಕೊಟ್ಟ ಮಾಸ್ಕ್ ಮುಖಕ್ಕಿಂತ ದೊಡ್ಡದಾಗಿತ್ತು. ಸಾಲದ್ದಕ್ಕೆ ಮುಂಗೂದಲು ಅದರ ಅಂಚಿನಲ್ಲಿ ಸಿಕ್ಕಿಕೊಂಡಿತ್ತು. ತಪ್ಪು ಅವರದಲ್ಲ, ಮಾಸ್ಕಿನದು!

ನೀರಿನ ಮೇಲೆ ಬೋರಲಾಗಿ ತೇಲುತ್ತಾ, ಕೊಳವೆಯಿಂದ ಉಸಿರಾಡುತ್ತಾ ಕೆಳಗೆ ನೋಡುವುದು ಸ್ನಾರ್ಕೆಲಿಂಗ್. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕಿಳಿಯುವುದು ಸ್ಕೂಬಾ ಡೈವಿಂಗ್. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯಲ್ಲಿ ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಎರಡೂ ಉಂಟು. ಎರಡಕ್ಕೂ ಮೊದಲು ಬೇಕಾದದ್ದು ಮೂರೇ ವಸ್ತು: ಮಾಸ್ಕ್, ಸ್ನಾರ್ಕೆಲ್ ಮತ್ತು ಫಿನ್ಸ್.

ಮಾಸ್ಕ್: ಅಂದಕ್ಕಲ್ಲ, ಅಳತೆಗೆ

ಬಣ್ಣ, ಬೆಲೆ ನೋಡಿ ಮರುಳಾಗಬೇಡಿ. ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮುಖಕ್ಕೆ ಹಿಡಿದು, ಮೂಗಿನಿಂದ ಮೆಲ್ಲಗೆ ಉಸಿರೆಳೆದುಕೊಳ್ಳಿ. ಕೈಬಿಟ್ಟರೂ ಬೀಳದೆ ಅಂಟಿಕೊಂಡರೆ ಅದು ನಿಮ್ಮ ಮುಖಕ್ಕೆ ಹೊಂದುವ ಮಾಸ್ಕ್. ಬಿದ್ದರೆ ಬೇರೆಯದನ್ನು ಕೇಳಿ. ಪಟ್ಟಿ ಬಿಗಿದರೆ ಸರಿಹೋಗುತ್ತೆ ಅನ್ನುವವರ ಮಾತು ಕೇಳಬೇಡಿ. ಅತಿಯಾಗಿ ಬಿಗಿದರೆ ಅಂಚು ಸೊಟ್ಟಗಾಗಿ ನೀರು ಇನ್ನಷ್ಟು ಒಳಬರುತ್ತದೆ, ತಲೆನೋವು ಬೇರೆ!

ಅಂಚು ಮೆತ್ತನೆಯ ಸಿಲಿಕೋನಿನದಾಗಿರಲಿ, ಗಾಜು ಟೆಂಪರ್ಡ್ ಆಗಿರಲಿ. ಈಜುಕೊಳದ ಗಾಗಲ್ಸ್ ಡೈವಿಂಗ್‌ಗೆ ಆಗದು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟಾಗುತ್ತದೆ. ಮೂಗೂ ಒಳಗಿರುವ ಮಾಸ್ಕ್ ಆದರೆ ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟು ಸರಿದೂಗಿಸಬಹುದು. ಗಾಗಲ್ಸ್‌ನಲ್ಲಿ ಅದು ಸಾಧ್ಯವಿಲ್ಲ, ಕಣ್ಣಿಗೆ ಪೆಟ್ಟಾಗುತ್ತದೆ. ಇಡೀ ಮುಖ ಮುಚ್ಚುವ ಮಾಸ್ಕ್‌ಗಳೂ ಈಗ ಬಂದಿವೆ. ಅವು ನೀರಿನ ಮೇಲೆ ತೇಲುವುದಕ್ಕಷ್ಟೇ. ಹಾಕಿಕೊಂಡು ಆಳಕ್ಕೆ ಹೋಗುವಂತಿಲ್ಲ.

ಕನ್ನಡಕದವರು ಚಿಂತಿಸಬೇಕಿಲ್ಲ. ಪವರ್ ಇರುವ ಗಾಜು ಹಾಕಿದ ಮಾಸ್ಕ್‌ಗಳು ಸಿಗುತ್ತವೆ. ಮೊದಲೇ ಹೇಳಿ ತರಿಸಿಕೊಳ್ಳಿ.

ಸ್ನಾರ್ಕೆಲ್: ಉದ್ದ ಬೇಡ

ಕೊಳವೆ ಉದ್ದವಿದ್ದಷ್ಟೂ ಒಳ್ಳೆಯದು ಅಂದುಕೊಂಡಿರಾ? ಖಂಡಿತ ಅಲ್ಲ. ಉದ್ದದ ಕೊಳವೆಯಲ್ಲಿ ನಾವು ಬಿಟ್ಟ ಉಸಿರೇ ಉಳಿದು ಮತ್ತೆ ಒಳಗೆ ಹೋಗುತ್ತದೆ. ಸುಮಾರು 35ರಿಂದ 40 ಸೆಂ.ಮೀ. ಸಾಕು. ಬಾಯಲ್ಲಿ ಕಚ್ಚಿ ಹಿಡಿಯುವ ಭಾಗ ಮೆತ್ತಗಿರಲಿ, ಇಲ್ಲದಿದ್ದರೆ ದವಡೆ ನೋಯುತ್ತದೆ. ಒಳಹೊಕ್ಕ ನೀರನ್ನು ಊದಿ ಹೊರಹಾಕಲು ಕೆಳಗೆ ವಾಲ್ವ್ ಇದ್ದರೆ ಹೊಸಬರಿಗೆ ಸುಲಭ.

ಫಿನ್ಸ್: ಚಪ್ಪಲಿಯಷ್ಟೇ ಎಚ್ಚರ

ಬರಿಗಾಲಿಗೆ ಹಾಕುವ ಪೂರ್ಣ ಪಾದದ ಫಿನ್ಸ್ ಆರಂಭಕ್ಕೆ ಸಾಕು. ಹಿಮ್ಮಡಿ ಜಾರಬಾರದು, ಬೆರಳು ಮಡಚಬಾರದು. ಸಡಿಲವಿದ್ದರೆ ಬೊಬ್ಬೆ ಬರುತ್ತದೆ, ಬಿಗಿಯಾದರೆ ಕಾಲು ಹಿಡಿದುಕೊಳ್ಳುತ್ತದೆ. ಹಾಕಿಕೊಂಡ ಮೇಲೆ ಮುಂದಕ್ಕೆ ನಡೆದರೆ ಮುಗ್ಗರಿಸುತ್ತೀರಿ. ಹಿಂದಕ್ಕೆ ನಡೆಯಿರಿ.

ಕೊಳ್ಳುವುದೋ, ಬಾಡಿಗೆಯೋ?

ವರ್ಷಕ್ಕೊಮ್ಮೆ ಹೋಗುವವರು ಎಲ್ಲವನ್ನೂ ಕೊಳ್ಳಬೇಕಿಲ್ಲ. ದುಡ್ಡು ಹಾಕುವುದಿದ್ದರೆ ಮೊದಲು ಮಾಸ್ಕಿಗೆ, ನಂತರ ಸ್ನಾರ್ಕೆಲ್‌ಗೆ. ಬಾಯಿಗಿಡುವ ವಸ್ತು ಸ್ವಂತದ್ದಿದ್ದರೆ ಮನಸ್ಸಿಗೂ ನೆಮ್ಮದಿ. ಫಿನ್ಸ್ ಬಾಡಿಗೆಗೆ ಸಿಗುತ್ತದೆ. ಸಿಲಿಂಡರ್, ರೆಗ್ಯುಲೇಟರ್ ಇತ್ಯಾದಿಗಳನ್ನು ಡೈವಿಂಗ್ ಕೇಂದ್ರದವರಿಗೇ ಬಿಡಿ.

ಇವಿಷ್ಟು ನೆನಪಿರಲಿ

* ಹಣೆಯ ಬಿಂದಿ ತೆಗೆದಿಡಿ, ಕೂದಲನ್ನು ಹಿಂದಕ್ಕೆ ಬಿಗಿಯಾಗಿ ಕಟ್ಟಿ. ಒಂದೆಳೆ ಕೂದಲು ಸಿಕ್ಕರೂ ನೀರು ಒಳಬರುತ್ತದೆ.
* ಸರ, ಜುಮುಕಿ, ದೊಡ್ಡ ಮೂಗುತಿ ಮನೆಯಲ್ಲೇ ಇರಲಿ.
* ದುಪಟ್ಟಾ, ಸಡಿಲ ಚೂಡಿದಾರ್ ನೀರಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತವೆ. ತುಂಬುತೋಳಿನ ಲೈಕ್ರಾ ಟೀಶರ್ಟ್, ಲೆಗ್ಗಿಂಗ್ಸ್ ಮೈಮುಚ್ಚುತ್ತವೆ, ಬೆನ್ನನ್ನು ಬಿಸಿಲಿನಿಂದಲೂ ಕಾಪಾಡುತ್ತವೆ.
* ಈಜು ಬಾರದಿದ್ದರೆ ಲೈಫ್ ಜಾಕೆಟ್ ಇಲ್ಲದೆ ಇಳಿಯಲೇಬೇಡಿ. ಬಂದರೂ ಒಬ್ಬರೇ ಇಳಿಯಬೇಡಿ.
* ಆಸ್ತಮಾ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಗರ್ಭಿಣಿಯರಿಗೆ ಸ್ಕೂಬಾ ಬೇಡ. ನೆಗಡಿಯಿದ್ದಾಗ ಯಾರಿಗೂ ಬೇಡ, ಕಿವಿ ನೋಯುತ್ತದೆ.
* ಹೊಸ ಮಾಸ್ಕಿನ ಗಾಜಿಗೆ ಒಳಗಿನಿಂದ ಬಿಳಿ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ತೊಳೆಯಿರಿ. ಮಂಜು ಕವಿಯುವುದು ಕಡಿಮೆಯಾಗುತ್ತದೆ.
* ಬಳಸಿದ ಮೇಲೆ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.

ಇನ್ನೊಂದು ಕಿವಿಮಾತು. ಹೊರಡುವ ಮುನ್ನ ಮನೆಯಲ್ಲೇ ಹತ್ತು ನಿಮಿಷ ಮಾಸ್ಕ್, ಸ್ನಾರ್ಕೆಲ್ ಹಾಕಿಕೊಂಡು ಬಾಯಲ್ಲಿ ಉಸಿರಾಡುವುದನ್ನು ರೂಢಿಸಿಕೊಳ್ಳಿ. ಟಿವಿ ಧಾರಾವಾಹಿ ನೋಡುತ್ತಲೇ ಮಾಡಬಹುದು. ಮನೆಯವರು ನಕ್ಕರೆ ನಗಲಿ! ನಂತರ ಈಜುಕೊಳದಲ್ಲಿ, ಕಾಲು ನೆಲಕ್ಕೆ ತಾಗುವಷ್ಟು ನೀರಿನಲ್ಲಿ ಪರೀಕ್ಷಿಸಿ. ಸಮುದ್ರದಲ್ಲಿ ಗಾಬರಿಯಾಗುವುದು ತಪ್ಪುತ್ತದೆ.

ಪಕ್ಕದ ಮನೆಯವರು ಈಗ ಅಳತೆ ನೋಡಿ ಚಿಕ್ಕ ಮಾಸ್ಕ್ ಕೊಂಡಿದ್ದಾರೆ. ಮುಂದಿನ ರಜೆಯಲ್ಲಿ ದೋಣಿಯಲ್ಲಿ ಕೂತು ಟವೆಲ್, ಬ್ಯಾಗ್ ಕಾಯುವ ಸರದಿ ಯಜಮಾನರದ್ದಂತೆ!